ನಲವತ್ತಾರು ಪುಟದ ಕೊಟ್ಟೂರೇಶ್

ದಾವಣಗೆರೆಯ ಕೆ.ಬಿ. ಬಡಾವಣೆಗೆ ಬಂದು ಕೊಟ್ಟೂರೇಶ್ ವಕೀಲರ ಆಫೀಸು ಯಾವುದು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಕರಾರು ಕೊಟ್ಟೂರೇಶ್ ಎಂದರೆ ಸಾಕು, ಔಷಧಿ ಅಂಗಡಿಯ ಮೇಲಿನ ಮಹಡಿಯತ್ತ ಬೆರಳು ಮಾಡುತ್ತಾರೆ. ಆ ಮಹಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಕೂತು ಟೈಪ್ ಮಾಡುತ್ತಿರುವವಳು ನಾನು, ಹೆಸರು ಸರೋಜಾ. ಸೇರಿದಾಗ ಟೈಪ್‌ರೈಟರ್ ಇತ್ತು, ಈಗ ಕಂಪ್ಯೂಟರ್ ಇದೆ. ಟೈಪ್ ಮಾಡುವ ಮಾತುಗಳು ಮಾತ್ರ ಅವೇ.

ಅವೇ ಎಂದರೆ ಅಕ್ಷರಶಃ ಅವೇ. ನಮ್ಮ ಸಾಹೇಬರು ಚಿಕ್ಕ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಬೆಂಗಳೂರಿನ ಒಬ್ಬ ದೊಡ್ಡ ವಕೀಲರ ಹತ್ತಿರ ಜೂನಿಯರ್ ಆಗಿದ್ದರು. ಅಲ್ಲಿ ಏನು ಕಲಿತರು ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ, ಏನು ತಂದರು ಎಂಬುದು ಗೊತ್ತು. ಹೊರದೇಶದ ಎರಡು ಕಂಪನಿಗಳು ಸೇರಿ ಯಾವುದೋ ಯಂತ್ರ ಮಾಡಲು ಬರೆದುಕೊಂಡ ಕರಾರಿನ ಜೆರಾಕ್ಸ್ ಪ್ರತಿ. ಅದಕ್ಕೆ ರಟ್ಟು ಹಾಕಿಸಿ, ದಾರದಲ್ಲಿ ಹೊಲಿಸಿ, ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದಾರೆ. ಕೋಳಿ ಫಾರಂ ಪಾಲುದಾರಿಕೆಗೂ ಅದೇ, ಕಲ್ಯಾಣ ಮಂಟಪಕ್ಕೂ ಅದೇ, ಇಬ್ಬರು ಸೇರಿ ಜೆಸಿಬಿ ಕೊಂಡರೂ ಅದೇ. ಹೆಸರು ಬದಲಾಯಿಸುವುದು ನನ್ನ ಕೆಲಸ. ಹಿಮಪಾತದಿಂದಾಗಲೀ ಬಂದರಿನ ಮುಷ್ಕರದಿಂದಾಗಲೀ ಕೆಲಸ ನಿಂತರೆ ಯಾವ ಪಕ್ಷವೂ ಹೊಣೆಯಲ್ಲ ಎಂದು ಕೋಳಿ ಫಾರಂ ಕರಾರಿನಲ್ಲಿ ನಾನೇ ಟೈಪ್ ಮಾಡಿದ್ದೇನೆ. "ಸರ್, ಹಿಮ ತೆಗೀಲೇನ್ರಿ?" ಎಂದು ಒಮ್ಮೆ ಕೇಳಿದ್ದಕ್ಕೆ, "ಇರ್ಲಿ ಬಿಡಮ್ಮ, ತೂಕ ಬರ್ತೈತೆ," ಎಂದರು.

ಸಾಹೇಬರು ಮೂಲತಃ ಕೊಂಡಜ್ಜಿಯವರು. ಅವರ ತಂದೆ ಎರಡು ಎಮ್ಮೆ ಕಟ್ಟಿಕೊಂಡು ಹರಿಹರದ ಒಂದು ಹೋಟೆಲಿಗೆ ಹಾಲು ಹಾಕುತ್ತಿದ್ದರಂತೆ, ಬರೀ ಬಾಯಿಮಾತಿನ ಮೇಲೆ. ಒಂದು ಬೆಳಿಗ್ಗೆ ಹೋಟೆಲಿನವರು "ಇನ್ಮ್ಯಾಲೆ ಬ್ಯಾಡ" ಎಂದರಂತೆ. ವಾಪಸು ಬರುವಾಗ ತಂದೆ ಕ್ಯಾನಿನ ಹಾಲನ್ನು ಕೆರೆಯ ದಂಡೆಯಲ್ಲಿ ಸುರಿದದ್ದನ್ನು ಇವರು ಕಣ್ಣಾರೆ ಕಂಡರಂತೆ. ಈ ಕತೆಯನ್ನು ಮೆಟ್ಟಿಲು ಹತ್ತಿ ಬಂದ ಪ್ರತಿಯೊಬ್ಬ ಕಕ್ಷಿದಾರನಿಗೂ ಹೇಳುತ್ತಾರೆ. ಮೊದಲ ಸಲ ಕೇಳಿದಾಗ ನನ್ನ ಕರುಳು ಚುರ್ ಎಂದಿತ್ತು. ನಾನೂರನೆಯ ಸಲ ಕೇಳುವ ಹೊತ್ತಿಗೆ, ಆ ಹಾಲನ್ನು ಮನೆಗೆ ಒಯ್ದು ಹೆಪ್ಪು ಹಾಕಬಹುದಿತ್ತಲ್ಲ ಎಂದಷ್ಟೇ ಅನ್ನಿಸಿತು.

ಆ ಕೆರೆ ದಂಡೆಯಿಂದ ಅವರು ಹೊತ್ತು ತಂದ ಜ್ಞಾನ ಇಷ್ಟು: ಲೋಕದಲ್ಲಿ ಮೋಸ ಮಾಡಿದವರು ಇದ್ದಾರೆ, ಇನ್ನೂ ಮಾಡದವರು ಇದ್ದಾರೆ, ಮೂರನೆಯವರು ಇಲ್ಲ. ನಿಜಲಿಂಗಪ್ಪ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಸುವಾಗ ಮೇಸ್ತ್ರಿಯ ಜೊತೆ ಹದಿನೆಂಟು ಪುಟದ ಕರಾರು ಮಾಡಿಕೊಂಡರು. ಸಿಮೆಂಟು ಕದ್ದರೆ ಏನು, ಕಂಬಿ ಕದ್ದರೆ ಏನು, ಹೇಳದೆ ರಜೆ ಹಾಕಿದರೆ ಏನು, ಎಲ್ಲ ಅದರಲ್ಲಿತ್ತು. ಮೇಸ್ತ್ರಿ ಅದನ್ನು ಯಾರಿಂದಲೋ ಓದಿಸಿಕೊಂಡ. ಆಮೇಲೆ ಬರೆದದ್ದನ್ನೆಲ್ಲ ಅಚ್ಚುಕಟ್ಟಾಗಿ ಕಟ್ಟಿದ, ಬರೆಯದೆ ಇದ್ದದ್ದನ್ನು ಒಂದನ್ನೂ ಕಟ್ಟಲಿಲ್ಲ. ಮೆಟ್ಟಿಲಿಗೆ ಕೈಹಿಡಿ ಬೇಕೆಂದು ಸಾಹೇಬರು ಬರೆಯುವುದು ಮರೆತಿದ್ದರು. ಒಂಬತ್ತು ವರ್ಷದಿಂದ ಅವರ ಹೆಂಡತಿ ಗುರುಶಾಂತಮ್ಮ ಗೋಡೆ ಸವರಿಕೊಂಡು ಮಹಡಿ ಹತ್ತುತ್ತಾರೆ.

"ಬ್ಯಾರೆ ಮನಿಗೆಲ್ಲ ಆ ಮೇಸ್ತ್ರಿ ಕೇಳದಂಗೆ ಹಾಕಿಕೊಟ್ಟಾನ," ಎಂದು ಗುರುಶಾಂತಮ್ಮ ನನ್ನ ಹತ್ತಿರ ಒಮ್ಮೆ ಹೇಳಿದ್ದರು. "ಹದಿನೆಂಟು ಪುಟ ಕಳ್ಳ ಕಳ್ಳ ಅಂತ ಓದಿದ ಮ್ಯಾಲೆ ಯಾರು ಹಾಕ್ತಾರೆ ಹೇಳು?"

ಇದನ್ನು ಸಾಹೇಬರಿಗೆ ಹೇಳಿದರೆ, ಮುಂದಿನ ಕರಾರಿನಲ್ಲಿ ಕೈಹಿಡಿಗೆ ಒಂದು ಕಲಂ ಸೇರಿಸುತ್ತಾರೆ, ಅಷ್ಟೆ. ಅವರ ತಲೆ ಓಡುವುದೇ ಹಾಗೆ.

ಅವರಿಗೊಂದು ಪದ್ಧತಿ ಇದೆ. ಇದು ಆ ಜೆರಾಕ್ಸಿನಲ್ಲಿಲ್ಲ, ಅವರ ಸ್ವಂತ ಬುದ್ಧಿಯ ಬೆಳೆ. ಇಬ್ಬರು ಪಾಲುದಾರರು ಬಂದರೆ ಒಬ್ಬರನ್ನು ಹೊರಗೆ ನನ್ನ ಮೇಜಿನ ಹತ್ತಿರ ಕೂರಿಸುತ್ತಾರೆ, ಇನ್ನೊಬ್ಬರನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡುತ್ತಾರೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ: "ಅವರು ನಿಮಗೆ ಮೋಸ ಮಾಡೋದೇ ಆದ್ರೆ, ಹೆಂಗೆ ಮಾಡ್ತಾರೆ ಹೇಳ್ರಿ?" ಅಲ್ಲಿಯವರೆಗೆ ಅಂಥ ಯೋಚನೆಯೇ ಮಾಡದಿದ್ದ ಮನುಷ್ಯ ಮೊದಲು ನಗುತ್ತಾನೆ. "ಛೇ, ಹಂಗೇನಿಲ್ರಿ," ಎನ್ನುತ್ತಾನೆ. ಸಾಹೇಬರು ಸುಮ್ಮನೆ ಕಾಯುತ್ತಾರೆ. ಐದು ನಿಮಿಷದಲ್ಲಿ ಅವನು ಒಂದು ಮೋಸ ಹುಡುಕುತ್ತಾನೆ, ಕಾಲು ಗಂಟೆಯಲ್ಲಿ ನಾಲ್ಕು. ಒಂದೊಂದಕ್ಕೂ ಒಂದೊಂದು ಕಲಂ. ಆಮೇಲೆ ಇನ್ನೊಬ್ಬರ ಸರದಿ. ಹೀಗೆ ಮೂವತ್ತು ಪುಟದ ಜೆರಾಕ್ಸು ನಲವತ್ತಾರು ಪುಟ ಮುಟ್ಟುತ್ತದೆ. ಬಾಗಿಲಿನ ಸಂದಿಗೆ ಅಂಟಿಕೊಂಡೇ ಕೂರುವ ನನಗೆ ಎಲ್ಲವೂ ಕೇಳಿಸುತ್ತದೆ, ಮೇಜಿನ ಆಚೆ ಕೂತವರಿಗೆ ಕೇಳಿಸುವುದಿಲ್ಲ.

ಎರಡು ವರ್ಷದ ಹಿಂದೆ, ಅಕ್ಟೋಬರಿನಲ್ಲಿ, ಮುರುಗೇಶಪ್ಪನವರೂ ಮೆಹರ್ ಬಾನು ಅವರೂ ಒಂದೇ ಕಾರಿನಲ್ಲಿ ಬಂದು ಇಳಿದರು. ಮುರುಗೇಶಪ್ಪ ದಾವಣಗೆರೆಯ ಹಳೆಯ ಅಕ್ಕಿ ಗಿರಣಿಯವರು, ಮಂಡಕ್ಕಿ ಸಗಟು ವ್ಯಾಪಾರಿ. ಮಂಡಕ್ಕಿ ಹುರಿಯುವ ಐದು ಜಿಲ್ಲೆಯ ಭಟ್ಟಿಯವರು ಅವರ ಮಾತು ಕೇಳುತ್ತಾರೆ. ಮೆಹರ್ ಬಾನು ಹರಿಹರದಲ್ಲಿ ನೂರ್ ಇಂಜಿನಿಯರಿಂಗ್ ವರ್ಕ್ಸ್ ಎಂಬ ಶೆಡ್ಡು ನಡೆಸುವಾಕೆ. ಅವರ ತಂದೆ ಎರಕದ ಕೆಲಸಕ್ಕೆ ಮರದ ಅಚ್ಚು ಕೆತ್ತುತ್ತಿದ್ದವರು. ಕಬ್ಬಿಣ ಕರಗಿಸಿ ಹೊಯ್ಯುವ ಮುಂಚೆ ಆ ಆಕಾರವನ್ನು ಮರದಲ್ಲಿ ಮಾಡಬೇಕಲ್ಲ, ಅದು. ತಂದೆ ತೀರಿಕೊಂಡ ಮೇಲೆ ಶೆಡ್ಡು, ಏಳು ಜನ ಕೆಲಸಗಾರರು, ಅಚ್ಚು ಕೆತ್ತುವ ಕೈ ಎಲ್ಲವೂ ಮಗಳಿಗೆ ಬಂತು.

ಇಬ್ಬರೂ ಸೇರಿ ಮಾಡಿದ್ದು ಹೊಗೆಯಿಲ್ಲದ ಮಂಡಕ್ಕಿ ಯಂತ್ರ. ನಮ್ಮೂರ ಭಟ್ಟಿಗಳ ಹೊಗೆ ಕುಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗ್ಯಾಸಿನ ಮೇಲೆ ಒಂದು ದೊಡ್ಡ ಡ್ರಮ್ಮು, ಒಳಗೆ ಕಾದ ಮರಳು, ಅದು ತಿರುಗುತ್ತಿದ್ದಂತೆ ಉಪ್ಪುನೀರು ಹಾಕಿದ ಅಕ್ಕಿ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಅರಳಿ ಬರುತ್ತದೆ. ಡ್ರಮ್ಮಿನ ಎರಕದ ಭಾಗಗಳಿಗೆ ಬೇಕಾದ ಹದಿನಾಲ್ಕು ಅಚ್ಚುಗಳನ್ನು ತಂದೆ ಮಗಳು ಸೇರಿ ಆರು ವರ್ಷ ಕೆತ್ತಿದ್ದರು. ಕೆತ್ತಿ, ಹೊಯ್ದು, ಒಡೆದು, ಮತ್ತೆ ಕೆತ್ತಿದ್ದರು. ಮೊದಲ ಯಂತ್ರವನ್ನು ಮುರುಗೇಶಪ್ಪ ತಮ್ಮ ಭಟ್ಟಿಯಲ್ಲೇ ಇರಿಸಿಕೊಂಡು ಎರಡು ವರ್ಷ ಓಡಿಸಿ ನೋಡಿದ್ದರು.

ಆ ಎರಡು ವರ್ಷ ಕರಾರು ಇರಲಿಲ್ಲ, ಫೋನ್ ಇತ್ತು. ಮುರುಗೇಶಪ್ಪನವರ ಭಟ್ಟಿಯಲ್ಲಿ ಹುರಿಯುವ ಉಸ್ತಾದ್ ಶಬ್ಬೀರ್ ಎಂಬವರು. ಹೊಸ ಅಕ್ಕಿ ಬಂದಾಗಲೆಲ್ಲ ಒಂದು ಹಿಡಿ ಹುರಿದು, ಸಿಡಿಯುವ ಸದ್ದು ಕೇಳಿಯೇ ಹೇಳುತ್ತಿದ್ದರು, ಡ್ರಮ್ಮು ಇನ್ನೆಷ್ಟು ನಿಧಾನ ತಿರುಗಬೇಕು ಎಂದು. ಯಾಕೆಂದರೆ ಹೊಸ ಅಕ್ಕಿಯಲ್ಲಿ ತೇವ ಹೆಚ್ಚು, ಮರಳಿನಲ್ಲಿ ಹೆಚ್ಚು ಹೊತ್ತು ಇರಬೇಕು. ಹಳೆಯ ಅಕ್ಕಿ ಒಣಗಿರುತ್ತದೆ, ಬೇಗ ಹೊರಗೆ ಬರಬೇಕು. ಶಬ್ಬೀರ್ ಹರಿಹರಕ್ಕೆ ಫೋನ್ ಮಾಡುತ್ತಿದ್ದರು. ಮೆಹರ್ ಬಾನು ಡ್ರಮ್ಮಿನ ವೇಗ ಹೆಚ್ಚು ಕಡಿಮೆ ಮಾಡುವ ಬೆಲ್ಟಿನ ಗಾಲಿಗಳನ್ನು, ಎರಡು ಪುಲ್ಲಿಗಳನ್ನು, ಸಿಮೆಂಟ್ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬಂದು, ಅರ್ಧ ಗಂಟೆಯಲ್ಲಿ ಬದಲಾಯಿಸಿ, ಮಂಡಕ್ಕಿ ಮೆಣಸಿನಕಾಯಿ ತಿಂದು ಹೋಗುತ್ತಿದ್ದರು. ಯಾವ ಅಕ್ಕಿಗೆ ಯಾವ ಪುಲ್ಲಿ ಎಂಬುದು ಹೀಗೆ ಅವರಿಬ್ಬರ ನಡುವೆ ಬೆಳೆದ ವಿದ್ಯೆ. ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಮೂವತ್ತು ಭಟ್ಟಿಯವರು ಯಂತ್ರ ಬೇಕು ಎಂದರು. ಅಷ್ಟು ಯಂತ್ರ ಮಾಡಲು ಬ್ಯಾಂಕು ಬೇಕಾಯಿತು. ಬ್ಯಾಂಕಿಗೆ ಎರಡು ಸಂಸ್ಥೆಗಳ ನಡುವೆ ಕರಾರು ಬೇಕಾಯಿತು. ನಾಲ್ಕು ಪುಟ ಸಾಕಾಗಿತ್ತು. ಯಾರು ಮಾಡುವುದು, ಯಾರು ಮಾರುವುದು, ಕೆಟ್ಟರೆ ಯಾರು ಯಾರಿಗೆ ಫೋನ್ ಮಾಡುವುದು. ಅವರು ಮೆಟ್ಟಿಲು ಹತ್ತಿದ್ದು ನಮ್ಮ ಆಫೀಸಿನದು.

ಮೊದಲು ಮುರುಗೇಶಪ್ಪ ಒಳಗೆ ಹೋದರು. ಪ್ರಶ್ನೆ ಬಂತು, ನಗು ಬಂತು, ಮೌನ ಬಂತು. ಆಮೇಲೆ ಅವರ ದನಿ ಕೇಳಿಸಿತು: "ಆಯಮ್ಮ ಅಂಥೋರಲ್ರಿ. ಆದ್ರೂ ಪುಲ್ಲಿ ಬದಲಾಯಿಸ್ತೀನಿ ಅಂತ ಬಂದು ಒಳಗೆ ಏನೋ ಮಾಡಿಟ್ರೆ ನಮಗೇನು ತಿಳೀತೈತೆ? ಆಯಮ್ಮ ಇಲ್ದಿದ್ರೆ ಮಷೀನೇ ನಡೀದಂಗೆ ಮಾಡಬೌದು." ಅದಕ್ಕೊಂದು ಕಲಂ: ಡ್ರಮ್ಮಿನ ವೇಗವನ್ನು ಯಾರೂ ಬದಲಾಯಿಸತಕ್ಕದ್ದಲ್ಲ.

ಆಮೇಲೆ ಮೆಹರ್ ಬಾನು. "ಅಣ್ಣೋರು ದೊಡ್ಡ ಮನುಷ್ಯರು, ಮೋಸ ಯಾಕ ಮಾಡ್ತಾರೆ," ಎಂದಿದ್ದು ಕೇಳಿಸಿತು. ಸಾಹೇಬರು ಕಾದರು. "ಬ್ಯಾರೆ ವರ್ಕ್‌ಶಾಪಿನೋರ್ನ ಕರ್ಕಂಡು ಬಂದು ಮಷೀನು ಬಿಚ್ಚಿ ತೋರಿಸಿದ್ರೆ, ನಕಲು ಮಾಡಬೌದು." ಅದಕ್ಕೆ ಇನ್ನೊಂದು ಕಲಂ: ಏಳು ದಿನದ ಲಿಖಿತ ನೋಟೀಸಿಲ್ಲದೆ ಯಾರೂ ಇನ್ನೊಬ್ಬರ ಜಾಗಕ್ಕೆ ಕಾಲಿಡತಕ್ಕದ್ದಲ್ಲ, ಯಾರೂ ಯಂತ್ರ ಬಿಚ್ಚತಕ್ಕದ್ದಲ್ಲ.

ವೇಗ ಎಷ್ಟು ಎಂದು ಬರೆಯಬೇಕಲ್ಲ. ಸಾಹೇಬರು ಶಬ್ಬೀರ್ ಅವರಿಗೆ ಫೋನ್ ಹಚ್ಚಿ, ನನಗೂ ಕೇಳಲೆಂದು ಸ್ಪೀಕರ್ ಹಾಕಿದರು.

"ನಿಮಿಷಕ್ಕೆ ಎಷ್ಟು ಸುತ್ತು ತಿರುಗ್ತೈತಪ್ಪ?"

"ಇವತ್ತು ಇಪ್ಪತ್ತೆರಡು ಸಾಹೇಬ್ರೆ, ಈ ಅಕ್ಕಿಗೆ."

"ಬರ್ಕೋ ಸರೋಜಾ, ಇಪ್ಪತ್ತೆರಡು."

ನಾನು ಇಪ್ಪತ್ತೆರಡು ಎಂದು ಟೈಪ್ ಮಾಡಿದೆ. ಅವತ್ತಿನ ಮಾತು, ಆ ಅಕ್ಕಿಯ ಮಾತು ಎಂದು ಉಸ್ತಾದ್ ಹೇಳಿದ್ದನ್ನು ನಾನೂ ಕೇಳಿಸಿಕೊಂಡಿದ್ದೆ, ಸಾಹೇಬರೂ ಕೇಳಿಸಿಕೊಂಡಿದ್ದರು. ಅಂಥ ಮೆತ್ತನೆಯ ಮಾತುಗಳಿಗೆ ನಮ್ಮ ಕರಾರಿನಲ್ಲಿ ಜಾಗವಿರುವುದಿಲ್ಲ.

ಕೊನೆಗೆ ಶಿಕ್ಷೆಯ ಕಲಂ, ಮೂವತ್ತೊಂದನೆಯದು. ಸಾಹೇಬರು ಅದನ್ನು ಬಾಯಿ ಚಪ್ಪರಿಸಿಕೊಂಡು ಹೇಳಿ ಬರೆಸಿದರು. ಮೆಹರ್ ಬಾನು ಯಾವ ಕಲಂ ಮುರಿದರೂ ಹದಿನಾಲ್ಕು ಅಚ್ಚು, ಎಲ್ಲ ನಕ್ಷೆ ಮುರುಗೇಶಪ್ಪನವರ ಪಾಲು, ಆಕೆ ಐದು ವರ್ಷ ಅಂಥ ಯಂತ್ರ ಮಾಡುವಂತಿಲ್ಲ. ಮುರುಗೇಶಪ್ಪ ಮುರಿದರೆ ಐದು ಜಿಲ್ಲೆಯಲ್ಲಿ ಅದನ್ನು ಮಾರುವ ಹಕ್ಕು ಹೋಯಿತು. ಮುರಿದದ್ದು ಕಂಡ ಏಳು ದಿನದೊಳಗೆ ಕ್ರಮ ಕೈಗೊಳ್ಳದಿದ್ದರೆ, ಆಮೇಲೆ ಕೇಳುವ ಹಕ್ಕೂ ಹೋಯಿತು. ಕರಾರು ತಿದ್ದಬೇಕಾದರೆ ಅರವತ್ತು ದಿನದ ನೋಟೀಸು.

ಸಹಿಯ ದಿನವೂ ಇಬ್ಬರೂ ಒಂದೇ ಕಾರಿನಲ್ಲಿ ಬಂದರು. ದಾರಿಯಲ್ಲಿ ಏನೋ ತಮಾಷೆ ನಡೆದಿತ್ತು, ಮೆಟ್ಟಿಲಿನವರೆಗೂ ನಗುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಪ್ರತಿ ಕೊಟ್ಟೆ. ಓದತೊಡಗಿದರು. ಎಲ್ಲ ಕಲಮೂ ಇಬ್ಬರಿಗೂ ಕಾಣುತ್ತದಲ್ಲ. ಯಾವುದು ಯಾರ ಬಾಯಿಂದ ಬಂದದ್ದು ಎಂದು ಊಹಿಸಲು ಪಂಡಿತರಾಗಬೇಕಾಗಿಲ್ಲ. ಯಂತ್ರದೊಳಗೆ ಏನೋ ಮಾಡಿಡುವವಳು ತಾನು ಎಂದು ಮೆಹರ್ ಬಾನು ಓದಿದರು. ಕದ್ದು ನಕಲು ಮಾಡಿಸುವವನು ತಾನು ಎಂದು ಮುರುಗೇಶಪ್ಪ ಓದಿದರು. ಅರ್ಧ ಗಂಟೆ ಒಬ್ಬರ ಮುಖ ಒಬ್ಬರು ನೋಡದೆ ಪುಟ ತಿರುವಿದರು. ಸಹಿ ಮಾಡಿದರು. ಮುರುಗೇಶಪ್ಪ ಕಾರಿನಲ್ಲಿ ಹೋದರು. ಮೆಹರ್ ಬಾನು ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದರು.

"ನೋಡಿದ್ಯಾ, ಎಷ್ಟು ಗಂಭೀರವಾಗಿ ತಗಂಡ್ರು," ಎಂದರು ಸಾಹೇಬರು. ಇದಕ್ಕೆ ಏನು ಹೇಳುವುದು? ಮನೆಗೆ ಬೆಂಕಿ ಬಿದ್ದರೆ ಬೆಳಕು ಚೆನ್ನಾಗಿದೆ ಎನ್ನುವ ಮನುಷ್ಯ.

ಜನವರಿಯಲ್ಲಿ ಹೊಸ ಭತ್ತದ ಅಕ್ಕಿ ಬಂತು. ಡ್ರಮ್ಮು ಕರಾರಿನ ಪ್ರಕಾರ ಇಪ್ಪತ್ತೆರಡು ಸುತ್ತು ತಿರುಗುತ್ತಲೇ ಇತ್ತು. ಅಕ್ಕಿ ಅರ್ಧಂಬರ್ಧ ಅರಳಿ, ನಡುವೆ ಕಲ್ಲಿನಂಥ ಕಾಳು ಉಳಿದು ಬರತೊಡಗಿತು. ಹಳೆಯ ಕಾಲವಾಗಿದ್ದರೆ ಶಬ್ಬೀರ್ ಫೋನ್ ಮಾಡುತ್ತಿದ್ದರು, ಚೀಲ ಬಸ್ ಹತ್ತುತ್ತಿತ್ತು. ಈಗ ಶಬ್ಬೀರ್ ಮುರುಗೇಶಪ್ಪನವರಿಗೆ ಹೇಳಿದರು, ಮುರುಗೇಶಪ್ಪ ಸಾಹೇಬರಿಗೆ ಹೇಳಿದರು, ಸಾಹೇಬರು ನನ್ನ ಕೈಯಲ್ಲಿ ನೋಟೀಸು ಟೈಪ್ ಮಾಡಿಸಿದರು: ಯಂತ್ರ ದೋಷಪೂರಿತವಾಗಿದೆ. ಮೆಹರ್ ಬಾನು ಹರಿಹರದ ಒಬ್ಬ ವಕೀಲರಿಂದ ಉತ್ತರ ಬರೆಸಿದರು: ಯಂತ್ರ ಕರಾರಿನಲ್ಲಿ ನಮೂದಿಸಿದ ವೇಗದಲ್ಲೇ ಇದೆ, ದೋಷ ಅಕ್ಕಿಯದು. ಇಬ್ಬರಿಗೂ ಕಾಯಿಲೆ ಗೊತ್ತಿತ್ತು, ಮದ್ದೂ ಗೊತ್ತಿತ್ತು. ಆದರೆ ಪುಲ್ಲಿಗೆ ಮೊದಲು ಕೈ ಹಾಕಿದವರು ಕರಾರು ಮುರಿದವರು. ಹಾಗಾಗಿ ಇಬ್ಬರೂ ಕೈಕಟ್ಟಿ ಕೂತು, ಇನ್ನೊಬ್ಬರು ಕೈ ಹಾಕಲಿ ಎಂದು ಕಾದರು. ಹದಿನಾಲ್ಕು ಕಿಲೋಮೀಟರು ದೂರಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಹೋಗಿ ಬಂದು ಮಾಡಿದವು.

ನನಗೆ ಆಗ ಇದೆಲ್ಲ ಭಾರಿ ಮೋಜು ಎನಿಸಿತ್ತು. ಮನೆಗೆ ಹೋಗಿ ಅಕ್ಕಪಕ್ಕದವರಿಗೆ ಅಭಿನಯಿಸಿ ತೋರಿಸುತ್ತಿದ್ದೆ.

ಮೂವತ್ತು ಭಟ್ಟಿಯವರಿಗೆ ಯಂತ್ರ ತೋರಿಸುವ ದಿನ ಮೊದಲೇ ಗೊತ್ತಾಗಿತ್ತು. ಫೆಬ್ರವರಿಯ ಒಂದು ಬೆಳಿಗ್ಗೆ. ಅದನ್ನು ಮುಂದೂಡಿದರೆ ಬ್ಯಾಂಕಿನವರು ಕೈಬಿಡುವಂತಿದ್ದರು, ಬ್ಯಾಂಕು ಕೈಬಿಟ್ಟರೆ ಶೆಡ್ಡಿನ ಏಳು ಜನರಿಗೆ ಕೆಲಸವಿಲ್ಲ. ಮೆಹರ್ ಬಾನು ಏಳು ದಿನ ಮುಂಚೆ ಲಿಖಿತ ನೋಟೀಸು ಕೊಟ್ಟು, ಕಾನೂನಿನ ಪ್ರಕಾರವೇ ಮುರುಗೇಶಪ್ಪನವರ ಭಟ್ಟಿಗೆ ಬಂದರು. ಸಾಹೇಬರು ಫೈಲು ಹಿಡಿದು ಬಂದಿದ್ದರು, ನಡೆದದ್ದನ್ನು ಬರೆದುಕೊಳ್ಳಲು ನನ್ನನ್ನೂ ಕರೆತಂದಿದ್ದರು.

ಶಬ್ಬೀರ್ ಯಂತ್ರ ಚಾಲೂ ಮಾಡಿದರು. ಮಂಡಕ್ಕಿ ಬಂತು. ಒಬ್ಬ ಭಟ್ಟಿಯವರು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಕಟಂ ಎಂದು ಕಚ್ಚಿ, ದವಡೆ ಹಿಡಿದುಕೊಂಡು ಉಗಿದರು. "ಇದೇನ್ರಿ, ಜಲ್ಲಿ ಹುರಿದೀರಾ?" ಎಂದರು. ಎಲ್ಲರೂ ನಕ್ಕರು. ಇಬ್ಬರು ಭಟ್ಟಿಯವರು ಹೊರಡಲು ಚಪ್ಪಲಿ ಹುಡುಕತೊಡಗಿದರು.

ಮೆಹರ್ ಬಾನು ಮುರುಗೇಶಪ್ಪನವರ ಮುಖ ನೋಡಿದರು. "ಅಣ್ಣೋರೆ, ಅರ್ಧ ಗಂಟೆ ಕೆಲಸ ಐತೆ. ಇಬ್ಬರೂ ಒಪ್ಪಿ ಮಾಡಾಣ."

ಮುರುಗೇಶಪ್ಪ ಸಾಹೇಬರ ಮುಖ ನೋಡಿದರು. ಸಾಹೇಬರು ಫೈಲು ತೆರೆದು, "ತಿದ್ದುಪಡಿಗೆ ಅರವತ್ತು ದಿನ ಐತ್ರಿ," ಎಂದರು. ಬಸ್ಸಿನ ವೇಳೆ ಹೇಳಿದಷ್ಟೇ ಸಲೀಸಾಗಿ.

"ಅರವತ್ತು ದಿನಕ್ಕೆ ಇವರೆಲ್ಲ ಎಲ್ಲಿರ್ತಾರೆ?" ಎಂದರು ಮೆಹರ್ ಬಾನು. ಆಕೆ ಚೀಲ ತೆರೆದು ದೊಡ್ಡ ಪುಲ್ಲಿ ತೆಗೆದರು. ಅಂದರೆ ತಂದೇ ಇದ್ದರು.

ಶಬ್ಬೀರ್ ಮುಂದೆ ಬಂದು, "ಬ್ಯಾಡಕ್ಕ, ಅಚ್ಚು ಹೋಗ್ತಾವೆ," ಎಂದರು.

"ನಮ್ಮ ಅಬ್ಬಾ ಕೆತ್ತಿದ ಮಷೀನು ಜನರ ಮುಂದೆ ಹಿಂಗೆ ಉಗಿಸ್ಕಂಡು ನಿಲ್ಲಕ್ಕೆ ನಾನು ಬಿಡಂಗಿಲ್ಲ," ಎಂದರು ಆಕೆ. ಮುಚ್ಚಳ ಬಿಚ್ಚಿದರು. ಇಪ್ಪತ್ತೈದು ನಿಮಿಷ ಹಿಡಿಯಿತು. ಚಪ್ಪಲಿ ಹಾಕಿಕೊಂಡವರೂ ನಿಂತರು. ಡ್ರಮ್ಮು ಹದಿನೆಂಟು ಸುತ್ತಿಗೆ ಇಳಿಯಿತು. ಆಮೇಲೆ ಬಂದ ಮಂಡಕ್ಕಿ ನೋಡಬೇಕಿತ್ತು, ಬೆಳ್ಳಗೆ, ಉಬ್ಬಿ, ಬಾಯಿಗಿಟ್ಟರೆ ಕರಗುವಂಥದ್ದು. ಆ ದವಡೆಯ ಯಜಮಾನರೇ ಮೂರು ಹಿಡಿ ತಿಂದು, ನನಗೆರಡು ಯಂತ್ರ ಎಂದರು. ಮುರುಗೇಶಪ್ಪನವರೂ ತಿಂದರು. ಅವರ ಮುಖದಲ್ಲಿ ಹಳೆಯ ನಗು ಬಂದದ್ದನ್ನು ನಾನು ಕಂಡಿದ್ದೇನೆ.

ಅಷ್ಟರಲ್ಲಿ ಸಾಹೇಬರು ನನ್ನ ಕಡೆ ತಿರುಗಿ, "ಟೈಮ್ ಬರ್ಕೋ, ಹನ್ನೊಂದು ಇಪ್ಪತ್ತು. ಎರಡು ಕಲಂ ಮುರಿದೈತೆ," ಎಂದರು. ಅವರ ಮುಖದಲ್ಲಿ ಸಂತೋಷವಿತ್ತು. ಇಪ್ಪತ್ತಾರು ವರ್ಷದಲ್ಲಿ ಅವರ ಕರಾರು ಕಣ್ಣೆದುರಿಗೇ ಒಬ್ಬರನ್ನು ಹಿಡಿದದ್ದು ಅದೇ ಮೊದಲು. ನಾನು ಹನ್ನೊಂದು ಇಪ್ಪತ್ತು ಎಂದು ಬರೆದುಕೊಂಡೆ.

ಮುರುಗೇಶಪ್ಪ ಆರು ದಿನ ಆಫೀಸಿನ ಕಡೆ ಬರಲಿಲ್ಲ. ಸಾಹೇಬರು ದಿನವೂ ಫೋನ್ ಮಾಡಿ, ಏಳನೇ ದಿನ ದಾಟಿದರೆ ನಿಮ್ಮ ಹಕ್ಕು ಹೋಯಿತು, ನಾಳೆ ಆಯಮ್ಮ ಹೇಳಿದಂತೆ ಕುಣಿಯಬೇಕಾಗುತ್ತದೆ ಎಂದು ಹೆದರಿಸಿದರು. ಏಳನೇ ದಿನ ಸಂಜೆ ಬಂದರು. ಅಚ್ಚು, ನಕ್ಷೆ ಒಪ್ಪಿಸಬೇಕೆಂಬ ನೋಟೀಸನ್ನು ಪೆನ್ನು ಹಿಡಿದುಕೊಂಡೇ ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ. ಅದೇ ನನ್ನ ಹೊಟ್ಟೆ ಉರಿಸಿದ್ದು. ಕೆಟ್ಟವರಾಗಿದ್ದರೆ ಬೈದು ಮರೆಯಬಹುದಿತ್ತು.

"ನನಗೆ ಆಯಮ್ಮನ ಮ್ಯಾಲೆ ಸಿಟ್ಟಿಲ್ಲ," ಎಂದರು. "ಆದ್ರೆ ನನ್ನ ಬಗ್ಗೆ ಏನು ಬರೆಸಿದ್ರು ನೋಡಿದೀರಲ್ಲ? ನಾನು ಕದೀತೀನಿ ಅಂತ. ನಲವತ್ತು ವರ್ಷ ವ್ಯಾಪಾರ ಮಾಡೀನಿ ಈ ಊರಾಗೆ." ಸಹಿ ಹಾಕಿದರು. ಆ ಮಾತನ್ನು ಆಕೆಯ ಬಾಯಿಂದ ಯಾರು ಹೊರಡಿಸಿದರು, ಯಾವ ಬಾಗಿಲು ಮುಚ್ಚಿ ಹೊರಡಿಸಿದರು ಎಂದು ಅವರಿಗೆ ಹೊಳೆಯಲಿಲ್ಲ. ತಾವೂ ಅದೇ ಕುರ್ಚಿಯಲ್ಲಿ ಕೂತು ಏನು ಹೇಳಿದ್ದರು ಎಂಬುದೂ ನೆನಪಾಗಲಿಲ್ಲ.

ಹದಿನಾಲ್ಕು ಅಚ್ಚುಗಳು ಹರಿಹರದಿಂದ ಒಂದು ಟೆಂಪೋದಲ್ಲಿ ಬಂದು ಮುರುಗೇಶಪ್ಪನವರ ಗೋದಾಮು ಸೇರಿದವು. ಬೇರೊಂದು ವರ್ಕ್‌ಶಾಪಿನವರು ಅವನ್ನಿಟ್ಟುಕೊಂಡು ಎರಕ ಹೊಯ್ದರು. ಡ್ರಮ್ಮಿನ ಮೊದಲ ತಟ್ಟೆ ಬಿರುಕು ಬಿಟ್ಟಿತು, ಎರಡನೆಯದು ಸೊಟ್ಟಗಾಯಿತು. ಕಬ್ಬಿಣ ಆರುವಾಗ ಎಲ್ಲಿ ಎಷ್ಟು ಕುಗ್ಗುತ್ತದೆ, ಯಾವ ಅಚ್ಚಿಗೆ ಎಷ್ಟು ಹೊತ್ತು ಬಿಡಬೇಕು ಎಂಬುದು ಮರದಲ್ಲಿ ಇರಲಿಲ್ಲ, ಆಕೆಯಲ್ಲಿತ್ತು. ಆಕೆ ಐದು ವರ್ಷ ಮುಟ್ಟುವಂತಿಲ್ಲ. ಅಲ್ಲಿಗೆ, ಮಾಡಬಲ್ಲವರಿಗೆ ಹಕ್ಕಿಲ್ಲ, ಹಕ್ಕಿದ್ದವರಿಗೆ ಮಾಡಲು ಬರುವುದಿಲ್ಲ. ಹದಿನೆಂಟು ಸುತ್ತಿನ ಆ ಒಂದು ಯಂತ್ರವೂ ಬೇಸಿಗೆಯಲ್ಲಿ ಅಕ್ಕಿ ಒಣಗಿದಾಗ ಮತ್ತೆ ಕೈಕೊಟ್ಟಿತು, ಪುಲ್ಲಿ ತರುವವರಿರಲಿಲ್ಲ. ಮೂವತ್ತು ಭಟ್ಟಿಗಳು ಇವತ್ತಿಗೂ ಹೊಗೆ ಬಿಡುತ್ತಿವೆ. ಶಬ್ಬೀರ್ ಕೆಮ್ಮುತ್ತಾ ಹಳೆಯ ಬಾಣಲೆಯ ಮುಂದೆ ಕೂತಿದ್ದಾರೆ.

ನಮ್ಮ ಸಾಹೇಬರು ಏನೆನ್ನುತ್ತಾರೆ? "ಒಂದು ಕಲಮೂ ಅಲುಗಾಡಲಿಲ್ಲ ನೋಡು," ಎನ್ನುತ್ತಾರೆ. ಹೊಸ ಕಕ್ಷಿದಾರರಿಗೆ ಈಗ ಹಾಲಿನ ಕತೆ ಮುಗಿದ ಮೇಲೆ ಇದನ್ನೂ ಹೇಳುತ್ತಾರೆ, ತಮ್ಮ ಗೆಲುವೆಂದು. ಜನ ತಲೆದೂಗುತ್ತಾರೆ.

ಕಳೆದ ತಿಂಗಳು ಮೆಹರ್ ಬಾನು ಆಫೀಸಿಗೆ ಬಂದರು. ಬ್ಯಾಂಕಿನ ಕಡತ ಮುಚ್ಚಿಸಲು ಕರಾರಿನ ದೃಢೀಕೃತ ಪ್ರತಿ ಬೇಕಿತ್ತು. ಸಾಹೇಬರು ಕೋರ್ಟಿಗೆ ಹೋಗಿದ್ದರು. ಕೂಡ್ರಿ ಎಂದೆ, ನೀರು ಕೊಟ್ಟೆ. ಶೆಡ್ಡಿನಲ್ಲಿ ಈಗ ಮೂರೇ ಜನ, ಟ್ರ್ಯಾಕ್ಟರಿಗೆ ಪಿನ್ನು ಮಾಡುತ್ತಿದ್ದೇವೆ ಎಂದರು. ಪ್ರತಿ ಮುದ್ರಣವಾಗುತ್ತಿದ್ದಷ್ಟು ಹೊತ್ತು, ಆಕೆಗೆ ಸಮಾಧಾನವಾಗಲಿ ಎಂದು ನಾನು ಸಾಹೇಬರ ಮೇಲೆ ಹರಿಹಾಯ್ದೆ. ಅವರ ಜೆರಾಕ್ಸು, ಅವರ ಪ್ರಶ್ನೆ, ಒಬ್ಬೊಬ್ಬರನ್ನೇ ಒಳಗೆ ಕರೆದು ತಲೆ ಕೆಡಿಸುವ ಅವರ ಚಾಳಿ, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರ ದನಿಯನ್ನೂ ಅನುಕರಿಸಿದೆ. ನಗುತ್ತಾರೆ ಎಂದುಕೊಂಡಿದ್ದೆ.

ಮೆಹರ್ ಬಾನು ನಗಲಿಲ್ಲ. "ಟೈಪ್ ಮಾಡೋವಾಗ ನೀವು ಓದ್ತೀರೇನ್ರಿ?" ಎಂದು ಕೇಳಿದರು.

"ಓದ್ತೀನಿ."

"ನಮ್ಮದು ಓದಿದಾಗ, ಹಿಂಗಾಗ್ತೈತೆ ಅಂತ ತಿಳಿದಿತ್ತಾ?"

"ತಿಳಿದಿತ್ತು."

"ನಾನು ನಿಮ್ಮ ಮೇಜಿನ ಮುಂದೇನೇ ಒಂದು ತಾಸು ಕುಂತಿದ್ದೆ, ಅಣ್ಣೋರು ಒಳಗಿದ್ದಾಗ," ಎಂದರು ಮೆಹರ್ ಬಾನು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳುತ್ತಿದ್ದರು. "ನಮ್ಮಿಬ್ಬರಲ್ಲಿ ಒಬ್ಬರಿಗಾದ್ರೂ ಒಂದು ಮಾತು ಹೇಳಬೌದಿತ್ತಲ್ಲ, ಅಕ್ಕ. ಯಾಕ ಹೇಳಲಿಲ್ಲ?"

ಕೊಟ್ಟೂರೇಶರನ್ನು ಬೈಯಲು ನನ್ನ ಹತ್ತಿರ ಇಪ್ಪತ್ತಾರು ವರ್ಷದ ಸರಕಿದೆ. ಇದು ನನ್ನನ್ನೇ ಕೇಳಿದ ಪ್ರಶ್ನೆ. ಕೆಲಸ ಹೋಗುವ ಭಯ ಎಂದು ಹೇಳಬಹುದಿತ್ತು, ಅದೂ ಪೂರ್ತಿ ನಿಜವಲ್ಲ. ನೋಡುತ್ತಾ ಕೂತು ನಗುವುದು ನನಗೆ ಅಭ್ಯಾಸವಾಗಿತ್ತು. ಪುಟಗಳನ್ನು ಜೋಡಿಸಿ, ಒಂದೊಂದರ ಮೇಲೂ ಸೀಲು ಒತ್ತಿ ಕೊಟ್ಟೆ. ಸೀಲು ಸರಿಯಾಗಿ ಮೂಡಿದೆಯೇ ಎಂದು ಆಕೆ ಪ್ರತಿ ಪುಟವನ್ನೂ ಬೆಳಕಿಗೆ ಹಿಡಿದು ನೋಡಿಕೊಂಡು, ಚೀಲಕ್ಕೆ ಹಾಕಿಕೊಂಡು, ಬರ್ತೀನಿ ಎಂದು ಹೇಳಿ ಮೆಟ್ಟಿಲಿಳಿದು ಹೋದರು.